ತೋಟದ ಮನೆಯ ದುರಸ್ತಿ ಶೆಡ್ಡು: ಇರಲೇಬೇಕಾದ ಉಪಕರಣಗಳು ಮತ್ತು ಅವುಗಳ ಆಯ್ಕೆ



ಮುಂಗಾರಿನ ಹದ ಮಳೆ ಬಿದ್ದಿದೆ. ಬಿತ್ತನೆಗೆ ಭೂಮಿ ಸಿದ್ಧಪಡಿಸುವಾಗ ರೋಟಾವೇಟರಿನ ಒಂದು ಬ್ಲೇಡು ಮುರಿಯುತ್ತದೆ. ಹೊಸ ಬ್ಲೇಡು ಮನೆಯಲ್ಲಿದೆ, ಆದರೆ ಬೋಲ್ಟ್ ಬಿಚ್ಚಲು ಸರಿಯಾದ ಅಳತೆಯ ಸ್ಪ್ಯಾನರ್ ಇಲ್ಲ. ಕೈಗೆ ಸಿಕ್ಕ ಸ್ಕ್ರೂ ಸ್ಪ್ಯಾನರನ್ನೇ ಹಾಕಿ ಬಲವಾಗಿ ತಿರುಗಿಸಿದಾಗ ಬೋಲ್ಟಿನ ತಲೆಯ ಮೂಲೆಗಳು ಸವೆದು ಗುಂಡಾಗುತ್ತವೆ. ಅರ್ಧ ಗಂಟೆಯಲ್ಲಿ ಮುಗಿಯಬೇಕಾಗಿದ್ದ ಕೆಲಸಕ್ಕೆ ಪೇಟೆಯ ಗ್ಯಾರೇಜಿನಲ್ಲಿ ಒಂದು ದಿನ ಸರದಿ ಕಾಯಬೇಕಾಗುತ್ತದೆ. ಅಷ್ಟರಲ್ಲಿ ಭೂಮಿಯ ಹದ ಆರಿಹೋಗಿರುತ್ತದೆ. ಇಲ್ಲಿ ನಷ್ಟವಾದದ್ದು ಗ್ಯಾರೇಜಿಗೆ ತೆತ್ತ ಕೂಲಿಯಷ್ಟೇ ಅಲ್ಲ, ಬಿತ್ತನೆಯ ಒಂದು ದಿನ.

ಹಿಂದೆ ಇಂತಹ ಕೆಲಸಗಳಿಗೆ ಊರಿನಲ್ಲಿಯೇ ಕುಲುಮೆ ಇರುತ್ತಿತ್ತು. ನೇಗಿಲಿನ ಕುಳ ತಟ್ಟುವುದು, ಕುಡುಗೋಲು ಹರಿತಗೊಳಿಸುವುದು, ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದು ಎಲ್ಲವನ್ನೂ ಕಮ್ಮಾರರು ಮತ್ತು ಬಡಗಿಗಳು ಮಾಡಿಕೊಡುತ್ತಿದ್ದರು. ಸುಗ್ಗಿಯಲ್ಲಿ ಅವರಿಗೆ ಕಣದಿಂದಲೇ ಆಯದ ಧಾನ್ಯ ಸಲ್ಲುತ್ತಿತ್ತು. ಇಂದು ಎತ್ತಿನ ಜಾಗಕ್ಕೆ ಟಿಲ್ಲರ್, ಟ್ರ್ಯಾಕ್ಟರ್, ಕಳೆ ಕತ್ತರಿಸುವ ಯಂತ್ರ, ಪಂಪ್‌ಸೆಟ್, ಹನಿ ನೀರಾವರಿ ಘಟಕ ಬಂದಿವೆ. ಆಯದ ವ್ಯವಸ್ಥೆ ಮಾತ್ರ ಹೆಚ್ಚಿನ ಊರುಗಳಲ್ಲಿ ಉಳಿದಿಲ್ಲ. ಆದ್ದರಿಂದ ಸಣ್ಣ ದುರಸ್ತಿಗಳನ್ನಾದರೂ ಮನೆಯಲ್ಲಿಯೇ ಮಾಡಿಕೊಳ್ಳಲು ಅನುಕೂಲವಾಗುವಂತೆ ಒಂದು ದುರಸ್ತಿ ಶೆಡ್ಡು, ಕೊನೆಗೆ ಕೊಟ್ಟಿಗೆಯ ಪಕ್ಕದಲ್ಲಿ ಒಂದು ಮೂಲೆ, ಇರುವುದು ಅಗತ್ಯವಾಗಿದೆ. ಅದರಲ್ಲಿ ಏನೇನು ಇರಬೇಕು, ಯಾವುದನ್ನು ಮೊದಲು ಕೊಳ್ಳಬೇಕು, ಯಾವ ಕೆಲಸಕ್ಕೆ ಕೈಹಾಕಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕೊಳ್ಳುವ ಮೊದಲು ಅಳೆಯಿರಿ

ಅಂಗಡಿಯಲ್ಲಿ ದೊರೆಯುವ ನೂರು ತುಂಡುಗಳ ಪೆಟ್ಟಿಗೆ ನೋಡಲು ಆಕರ್ಷಕವಾಗಿರುತ್ತದೆ. ಅದರಲ್ಲಿ ಬಹುಪಾಲು ನಿಮ್ಮ ಯಂತ್ರಗಳಿಗೆ ಎಂದೂ ಬೇಕಾಗುವುದಿಲ್ಲ. ಬೇಕಾದ ದೊಡ್ಡ ಅಳತೆಗಳು ಅದರಲ್ಲಿ ಇರುವುದಿಲ್ಲ. ಆದ್ದರಿಂದ ಮೊದಲು ಒಂದು ನೋಟ್‌ಬುಕ್ ಹಿಡಿದು ನಿಮ್ಮಲ್ಲಿರುವ ಪ್ರತಿಯೊಂದು ಯಂತ್ರದ ಸುತ್ತ ಒಮ್ಮೆ ಬನ್ನಿರಿ. ಪದೇ ಪದೇ ಬಿಚ್ಚಬೇಕಾದ ಬೋಲ್ಟುಗಳು ಯಾವುವು? ಕಲ್ಟಿವೇಟರಿನ ಕುಳ, ರೋಟಾವೇಟರಿನ ಬ್ಲೇಡು, ಟಿಲ್ಲರಿನ ಬೆಲ್ಟ್ ಬಿಗಿಸುವ ನಟ್, ಎಣ್ಣೆ ಬಸಿಯುವ ಬೋಲ್ಟ್, ಡೀಸೆಲ್ ಫಿಲ್ಟರ್, ಬ್ಯಾಟರಿಯ ತುದಿ, ಚಕ್ರದ ನಟ್ ಇಷ್ಟನ್ನು ಅಳೆದು ಬರೆದುಕೊಂಡರೆ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಅಳೆಯಲು ಒಂದು ವರ್ನಿಯರ್ ಕ್ಯಾಲಿಪರ್ ಇದ್ದರೆ ಉತ್ತಮ. ನಮ್ಮ ಅಭಿಪ್ರಾಯದಲ್ಲಿ ಶೆಡ್ಡಿಗೆ ಮೊದಲು ತರಬೇಕಾದ ಉಪಕರಣ ಇದೇ. ಬೇರಿಂಗ್, ಶಾಫ್ಟ್, ಪೈಪು, ಬೋಲ್ಟ್ ಯಾವುದನ್ನೇ ಆಗಲಿ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅಂಗಡಿಗೆ ಎರಡನೆಯ ಬಾರಿ ಅಲೆಯುವುದು ತಪ್ಪುತ್ತದೆ.

ಬೋಲ್ಟಿನ ಹೆಸರು ಮತ್ತು ಸ್ಪ್ಯಾನರಿನ ಅಳತೆ ಬೇರೆ ಬೇರೆ ಎಂಬುದನ್ನು ಗಮನದಲ್ಲಿಡಬೇಕು. ಬೋಲ್ಟಿಗೆ ಹೆಸರು ಬರುವುದು ಅದರ ಮರೆಯ ವ್ಯಾಸದಿಂದ. ಸ್ಪ್ಯಾನರಿನ ಸಂಖ್ಯೆ ಬರುವುದು ತಲೆಯ ಎರಡು ಎದುರು ಮುಖಗಳ ನಡುವಿನ ಅಂತರದಿಂದ. 6 ಮಿ.ಮೀ. ಬೋಲ್ಟಿಗೆ 10ರ ಸ್ಪ್ಯಾನರ್, 8 ಮಿ.ಮೀ. ಬೋಲ್ಟಿಗೆ 13ರದು, 10 ಮಿ.ಮೀ. ಬೋಲ್ಟಿಗೆ 16 ಅಥವಾ 17ರದು, 12 ಮಿ.ಮೀ. ಬೋಲ್ಟಿಗೆ 18 ಅಥವಾ 19ರದು, 16 ಮಿ.ಮೀ. ಬೋಲ್ಟಿಗೆ 24ರದು ಬೇಕಾಗುತ್ತದೆ. ಜಪಾನೀ ವಿನ್ಯಾಸದಿಂದ ಬಂದ ಟಿಲ್ಲರ್ ಮತ್ತು ಸಣ್ಣ ಎಂಜಿನ್‌ಗಳಲ್ಲಿ 8 ಮಿ.ಮೀ. ಬೋಲ್ಟಿಗೆ 12ರ ತಲೆ, 10 ಮಿ.ಮೀ. ಬೋಲ್ಟಿಗೆ 14ರ ತಲೆ ಇರುವುದು ಸಾಮಾನ್ಯ. ಹಳೆಯ ವಿನ್ಯಾಸದ ಕೆಲವು ಟ್ರ್ಯಾಕ್ಟರುಗಳಲ್ಲಿ ಇಂದಿಗೂ ಅಂಗುಲದ ಅಳತೆಯ ಬೋಲ್ಟುಗಳಿವೆ. ಮುಕ್ಕಾಲು ಅಂಗುಲದ ತಲೆಗೆ 19ರ ಸ್ಪ್ಯಾನರ್ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಮುಕ್ಕಾಲು ಅಂಗುಲವೆಂದರೆ 19.05 ಮಿ.ಮೀ. ಆದರೆ ಅರ್ಧ ಅಂಗುಲದ ತಲೆ 12.7 ಮಿ.ಮೀ.; ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಸಡಿಲವಾಗಿ ಜಾರುತ್ತದೆ. ಬೋಲ್ಟಿನ ಮೂಲೆ ಸವೆಯುವುದು ಬಹುತೇಕ ಇಂತಹ ಹೊಂದಿಕೆಯಿಂದಲೇ.

ಸ್ಪ್ಯಾನರ್, ಸಾಕೆಟ್ ಮತ್ತು ಹಿಡಿತ

ಬಾಯಿ ತೆರೆದ ಸ್ಪ್ಯಾನರ್ ಬೋಲ್ಟಿನ ತಲೆಯ ಎರಡು ಮುಖಗಳನ್ನು ಮಾತ್ರ ಹಿಡಿಯುತ್ತದೆ. ರಿಂಗ್ ಸ್ಪ್ಯಾನರ್ ಆರೂ ಮೂಲೆಗಳನ್ನು ಹಿಡಿಯುತ್ತದೆ. ಆದ್ದರಿಂದ ತುಕ್ಕು ಹಿಡಿದ ಬೋಲ್ಟನ್ನು ಮೊದಲು ರಿಂಗ್ ಸ್ಪ್ಯಾನರಿನಿಂದ ಸಡಿಲಿಸಿ, ಅನಂತರ ಬಾಯಿ ತೆರೆದ ಸ್ಪ್ಯಾನರಿನಿಂದ ಬೇಗ ಬೇಗ ತಿರುಗಿಸಿ ತೆಗೆಯುವುದು ಸರಿಯಾದ ಕ್ರಮ. ಒಂದು ತುದಿಯಲ್ಲಿ ರಿಂಗ್, ಇನ್ನೊಂದು ತುದಿಯಲ್ಲಿ ಬಾಯಿ ಇರುವ ಕಾಂಬಿನೇಷನ್ ಸ್ಪ್ಯಾನರುಗಳನ್ನು 8ರಿಂದ 24ರವರೆಗೆ ಕೊಂಡರೆ ಎರಡೂ ಉದ್ದೇಶ ಈಡೇರುತ್ತವೆ. ಬೋಲ್ಟ್ ಮತ್ತು ನಟ್ ಎರಡೂ ಒಂದೇ ಅಳತೆಯವಾಗಿರುವುದರಿಂದ, ಹೆಚ್ಚು ಬಳಕೆಯ 13, 17, 19 ಮತ್ತು 24ರ ಅಳತೆಗಳಲ್ಲಿ ಎರಡೆರಡು ಇರಬೇಕು. ಒಂದರಿಂದ ತಲೆಯನ್ನು ಹಿಡಿದು ಇನ್ನೊಂದರಿಂದ ನಟ್ ತಿರುಗಿಸಬೇಕಾಗುತ್ತದೆ ಎಂಬುದು ಹೊಲದ ಮಧ್ಯದಲ್ಲಿ ನಿಂತಾಗಲೇ ಹಲವರಿಗೆ ನೆನಪಾಗುವುದು.

ಸಾಕೆಟ್ ಸೆಟ್ ಕೊಳ್ಳುವುದಾದರೆ ಅರ್ಧ ಅಂಗುಲದ ಚೌಕ ತುದಿಯುಳ್ಳದ್ದನ್ನು ಆರಿಸಿರಿ. ಒಳಗೆ ಹನ್ನೆರಡು ಮೂಲೆಯ ಸಾಕೆಟ್‌ಗಿಂತ ಆರು ಮೂಲೆಯದು ಕೃಷಿ ಯಂತ್ರಗಳಿಗೆ ಉತ್ತಮ; ಸವೆದ ತಲೆಯನ್ನೂ ಅದು ಬಿಡದೆ ಹಿಡಿಯುತ್ತದೆ. ಗಟ್ಟಿಯಾದ ಬೋಲ್ಟನ್ನು ಸಡಿಲಿಸಲು ರ‍್ಯಾಚೆಟ್ ಹಿಡಿಯನ್ನು ಬಳಸಬಾರದು, ಅದರ ಒಳಗಿನ ಹಲ್ಲುಗಳು ಮುರಿಯುತ್ತವೆ. ಆ ಕೆಲಸಕ್ಕೆ ಉದ್ದನೆಯ ಟಿ ಹಿಡಿ ಇದೆ. ಸ್ಪ್ಯಾನರಿಗೆ ಪೈಪು ತೊಡಿಸಿ ತಿರುಗಿಸುವ ಅಭ್ಯಾಸವನ್ನೂ ಬಿಡಬೇಕು. ಪೈಪು ತೊಡಿಸಿದಾಗ ಕೈಗೆ ಅಂದಾಜು ಸಿಗುವುದಿಲ್ಲ. 6 ಅಥವಾ 8 ಮಿ.ಮೀ. ಬೋಲ್ಟ್ ಸುಲಭವಾಗಿ ಕತ್ತರಿಸಿಹೋಗುತ್ತದೆ, ಇಲ್ಲವೇ ಸ್ಪ್ಯಾನರ್ ಜಾರಿ ಗೆಣ್ಣು ಒಡೆಯುತ್ತದೆ. ಇದಕ್ಕೆ ಬದಲಾಗಿ ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ಸಂಜೆಯೇ ಡೀಸೆಲ್ ಹಾಗೂ ತೆಳು ಎಣ್ಣೆಯ ಮಿಶ್ರಣವನ್ನೋ ತುಕ್ಕು ಸಡಿಲಿಸುವ ಎಣ್ಣೆಯನ್ನೋ ಬಿಟ್ಟು, ತಲೆಯ ಮೇಲೆ ಸುತ್ತಿಗೆಯಿಂದ ನಾಲ್ಕಾರು ಬಾರಿ ಮೆಲ್ಲನೆ ತಟ್ಟಿಡಬೇಕು. ಬೆಳಿಗ್ಗೆ ಅದು ಅರ್ಧ ಬಲಕ್ಕೇ ಬರುತ್ತದೆ.

ಇನ್ನೊಂದು ಎಚ್ಚರಿಕೆ. ಕಳೆ ಕತ್ತರಿಸುವ ಯಂತ್ರದ ಬ್ಲೇಡನ್ನು ಹಿಡಿದಿರುವ ನಟ್ ಸಾಮಾನ್ಯವಾಗಿ ಎಡ ಮರೆಯದು. ಅಂದರೆ ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಯಾವುದಾದರೂ ನಟ್ ಹಟ ಹಿಡಿದಂತೆ ಕಂಡರೆ ಬಲ ಹೆಚ್ಚಿಸುವ ಮೊದಲು ಮರೆ ಯಾವ ಕಡೆಗಿದೆ ಎಂದು ನೋಡಬೇಕು.

ಮುರಿದ ಬೋಲ್ಟಿಗೆ ಬದಲಿ ಹಾಕುವಾಗ ಉದ್ದ ಮತ್ತು ದಪ್ಪ ಮಾತ್ರ ನೋಡಿದರೆ ಸಾಲದು. ತಲೆಯ ಮೇಲೆ 8.8 ಎಂದೋ 10.9 ಎಂದೋ ಬಿಡಿಸಿರುವ ಸಂಖ್ಯೆ ಅದರ ಗಟ್ಟಿತನವನ್ನು ಸೂಚಿಸುತ್ತದೆ. ಬ್ಲೇಡು, ಕುಳ, ಚಕ್ರಗಳಿಗೆ ಅದೇ ದರ್ಜೆಯ ಬೋಲ್ಟನ್ನೇ ಹಾಕಬೇಕು. ಆದರೆ ರೋಟಾವೇಟರ್ ಅಥವಾ ಪೋಸ್ಟ್‌ಹೋಲ್ ಡಿಗ್ಗರಿನ ಪಿಟಿಒ ಶಾಫ್ಟಿನಲ್ಲಿರುವ ಶಿಯರ್ ಬೋಲ್ಟಿನ ವಿಷಯ ಬೇರೆ. ಕಲ್ಲು ಸಿಕ್ಕಾಗ ತಾನು ಮುರಿದು ಗೇರ್‌ಬಾಕ್ಸನ್ನು ಉಳಿಸುವುದೇ ಅದರ ಕೆಲಸ. "ಪದೇ ಪದೇ ಮುರಿಯುತ್ತದೆ" ಎಂದು ಅಲ್ಲಿಗೆ ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಬಾರಿ ಗೇರ್ ಮುರಿಯುತ್ತದೆ. ಕಂಪನಿಯ ಕೈಪಿಡಿಯಲ್ಲಿ ಹೇಳಿರುವ ಬೋಲ್ಟುಗಳನ್ನೇ ಐದಾರು ತಂದು ಡಬ್ಬಿಯಲ್ಲಿಟ್ಟುಕೊಳ್ಳಿರಿ.

ಸ್ಪ್ಯಾನರುಗಳ ಅನಂತರದ ಸ್ಥಾನ ಬೆಂಚ್ ವೈಸಿಗೆ. ಕಾಲಿನಲ್ಲಿ ಒತ್ತಿ ಹಿಡಿದು ಕೊಯ್ಯುವುದು, ಮಗನ ಕೈಯಲ್ಲಿ ಹಿಡಿಸಿ ಬಡಿಯುವುದು ಇವೆರಡೂ ಗಾಯಕ್ಕೆ ದಾರಿ. 4ರಿಂದ 6 ಅಂಗುಲ ದವಡೆಯ ಒಂದು ವೈಸನ್ನು ಗಟ್ಟಿಯಾದ ಮೇಜಿಗೆ ಬೋಲ್ಟ್ ಹಾಕಿ ಕೂರಿಸಬೇಕು. ನಿಂತಾಗ ನಿಮ್ಮ ಮೊಣಕೈಯ ಮಟ್ಟಕ್ಕೆ ದವಡೆಯ ಮೇಲ್ಭಾಗ ಬರುವಂತಿದ್ದರೆ ಅರ ಹಾಕುವಾಗ ಬೆನ್ನು ಬಾಗುವುದಿಲ್ಲ. ಮೇಜಿಗೆ ಹಳೆಯ ಮನೆಯ ತೊಲೆಯ ಹಲಗೆಯಾದರೂ ಸರಿ, ಅಲುಗಾಡಬಾರದು ಅಷ್ಟೆ.

ಸುತ್ತಿಗೆಗಳಲ್ಲಿ ಒಂದು ಅರ್ಧ ಕಿಲೋದ್ದು, ಒಂದು ಎರಡು ಕಿಲೋದ್ದು ಸಾಕು. ಬೇರಿಂಗ್ ಮತ್ತು ಶಾಫ್ಟ್ ತಟ್ಟಲು ಹಿತ್ತಾಳೆಯ ಒಂದು ತುಂಡು ಇರಲಿ, ಅದರ ಮೇಲೆ ಪೆಟ್ಟು ಹಾಕಿದರೆ ಶಾಫ್ಟಿನ ತುದಿ ಅರಳುವುದಿಲ್ಲ. ಉಳಿಯ ತಲೆ ಅಣಬೆಯಂತೆ ಅರಳಿದ್ದರೆ ಅದನ್ನು ಸಾಣೆ ಹಿಡಿದು ಸರಿಪಡಿಸದೆ ಬಳಸಬಾರದು, ಸಿಡಿದ ಚೂರು ಕಣ್ಣಿಗೆ ಬೀಳುತ್ತದೆ. ಹ್ಯಾಕ್ಸಾ ಬ್ಲೇಡಿನ ಹಲ್ಲುಗಳು ಮುಂದಕ್ಕೆ ಮುಖ ಮಾಡಿರಬೇಕು. ತೆಳುವಾದ ಪೈಪು, ತಗಡಿಗೆ ಅಂಗುಲಕ್ಕೆ 24 ಅಥವಾ 32 ಹಲ್ಲಿನದು, ದಪ್ಪ ಕಬ್ಬಿಣಕ್ಕೆ 18 ಹಲ್ಲಿನದು ಸೂಕ್ತ. ಚಪ್ಪಟೆ ಅರ, ಅರ್ಧಗೋಲ ಅರ, ಕುಡುಗೋಲು ಮತ್ತು ಮಚ್ಚಿಗೆ ಸಾಣೆಕಲ್ಲು, ಕಟಿಂಗ್ ಪ್ಲೇಯರ್, ನಾಲ್ಕು ಸ್ಕ್ರೂಡ್ರೈವರ್, ಗ್ರೀಸ್ ಗನ್, ಟೈರಿನ ಗಾಳಿ ಅಳೆಯುವ ಗೇಜು ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗ್ರೀಸ್ ಗನ್ ಇದ್ದೂ ನಿಪ್ಪಲ್ ಒರೆಸದೆ ಗ್ರೀಸ್ ಹೊಡೆದರೆ ಮಣ್ಣೇ ಬೇರಿಂಗಿನೊಳಕ್ಕೆ ಹೋಗುತ್ತದೆ ಎಂಬುದೊಂದನ್ನು ಮಾತ್ರ ನೆನಪಿಸುತ್ತೇವೆ.

ಪಂಪ್‌ಸೆಟ್ಟಿಗೆ: ಮೀಟರ್ ಮೊದಲು, ಸ್ಪ್ಯಾನರ್ ಆಮೇಲೆ

ಮೋಟಾರ್ ಓಡದಿದ್ದಾಗ ಟೆಸ್ಟರ್ ಹಚ್ಚಿ ನೋಡಿ, "ಮೂರೂ ಫೇಸ್ ಉರಿಯುತ್ತಿದೆ, ಮೋಟಾರೇ ಸುಟ್ಟಿದೆ" ಎಂದು ತೀರ್ಮಾನಿಸಿ ಪಂಪನ್ನು ಮೇಲೆತ್ತಿಸುವವರಿದ್ದಾರೆ. ಟೆಸ್ಟರಿನ ದೀಪ ವಿದ್ಯುತ್ ಎಷ್ಟಿದೆ ಎಂದು ಹೇಳುವುದಿಲ್ಲ. ಒಂದು ಫೇಸ್ ಕಡಿದಿದ್ದರೂ ಮೋಟಾರಿನ ಸುರುಳಿಗಳ ಮೂಲಕ ಹಿಂದಕ್ಕೆ ಬಂದ ವಿದ್ಯುತ್ತಿನಿಂದ ಆ ತಂತಿಯಲ್ಲಿಯೂ ದೀಪ ಉರಿಯಬಹುದು. ಆದ್ದರಿಂದ ಬೇಕಾದದ್ದು ಕ್ಲಾಂಪ್ ಮೀಟರ್. ಅದರಲ್ಲಿ ವೋಲ್ಟ್, ಆಂಪಿಯರ್, ಓಮ್ ಮೂರನ್ನೂ ಅಳೆಯಬಹುದು. ತಂತಿಯನ್ನು ಕಡಿಯದೆ, ಅದರ ಸುತ್ತ ಇಕ್ಕುಳದಂತೆ ಹಿಡಿದರೆ ಕರೆಂಟ್ ಎಷ್ಟು ಹರಿಯುತ್ತಿದೆ ಎಂದು ತೋರಿಸುತ್ತದೆ. ಮೂರು ಫೇಸಿನ ಕೆಲಸಕ್ಕೆ ಮೀಟರಿನ ಮೇಲೆ ಕ್ಯಾಟ್ 3, 600 ವೋಲ್ಟ್ ಎಂಬ ಗುರುತಿರಬೇಕು. ಅಗ್ಗದ, ಗುರುತಿಲ್ಲದ ಮೀಟರ್ ಪಂಪ್‌ಹೌಸಿಗೆ ಬೇಡ.

ಎರಡು ಫೇಸುಗಳ ನಡುವೆ, ಮೂರು ಜೋಡಿಗಳಲ್ಲಿಯೂ, 415 ವೋಲ್ಟಿನ ಆಸುಪಾಸು ಬರಬೇಕು. ಒಂದು ಜೋಡಿಯಲ್ಲಿ ಬಹಳ ಕಡಿಮೆ ತೋರಿಸಿದರೆ ದೋಷ ಇರುವುದು ಸರಬರಾಜಿನಲ್ಲಿ ಅಥವಾ ಫ್ಯೂಸಿನಲ್ಲಿ, ಮೋಟಾರಿನಲ್ಲಿ ಅಲ್ಲ. ಪಂಪ್ ಓಡುತ್ತಿರುವಾಗ ಪ್ರತಿ ಫೇಸಿನ ಕರೆಂಟನ್ನು ಅಳೆದು ಮೋಟಾರಿನ ಫಲಕದ ಮೇಲಿನ ಸಂಖ್ಯೆಯೊಂದಿಗೆ ಹೋಲಿಸಬೇಕು. ಸ್ಥೂಲವಾಗಿ ಮೂರು ಫೇಸಿನ ಮೋಟಾರು ಅಶ್ವಶಕ್ತಿಗೆ ಒಂದೂವರೆ ಆಂಪಿಯರಿನಷ್ಟು ತೆಗೆದುಕೊಳ್ಳುತ್ತದೆ. ಸಬ್‌ಮರ್ಸಿಬಲ್ ಮೋಟಾರು ಅದಕ್ಕಿಂತ ಸ್ವಲ್ಪ ಹೆಚ್ಚು. ಪಂಪ್ ಹೊಸದಿರುವಾಗಲೇ, ಅದು ಚೆನ್ನಾಗಿ ನೀರೆತ್ತುತ್ತಿರುವ ದಿನದ ಸಂಖ್ಯೆಯನ್ನು ಸ್ಟಾರ್ಟರ್ ಪೆಟ್ಟಿಗೆಯ ಒಳಬಾಗಿಲಿನ ಮೇಲೆ ಬರೆದಿಡಿ. ಮುಂದೆ ಎಂದಾದರೂ ಕರೆಂಟ್ ಆ ಸಂಖ್ಯೆಗಿಂತ ಬಹಳ ಇಳಿದರೆ ಪಂಪಿನ ಮೇಲೆ ಹೊರೆಯೇ ಇಲ್ಲವೆಂದು ಅರ್ಥ: ಕೊಳವೆಬಾವಿಯಲ್ಲಿ ನೀರು ಕೆಳಗಿಳಿದಿದೆ, ಇಲ್ಲವೇ ಕಪ್ಲಿಂಗ್ ಕಡಿದಿದೆ. ಏರಿದರೆ ಮರಳು ತುಂಬಿದೆ, ಬೇರಿಂಗ್ ಸವೆದಿದೆ ಅಥವಾ ವೋಲ್ಟೇಜ್ ಕುಸಿದಿದೆ. ಕೊಳವೆಬಾವಿಯಿಂದ ಪಂಪ್ ಎತ್ತಿಸಿ ಇಳಿಸುವ ಖರ್ಚನ್ನು ಒಮ್ಮೆಯಾದರೂ ಭರಿಸಿದವರಿಗೆ ಈ ಮೀಟರಿನ ಬೆಲೆ ಹೆಚ್ಚೆನಿಸಲಾರದು.

ಒಂದು ಫೇಸಿನಲ್ಲಿ ಮಾತ್ರ ಕರೆಂಟ್ ಹೆಚ್ಚು ಬರುತ್ತಿದ್ದರೆ ದೋಷ ಲೈನಿನದೋ ಮೋಟಾರಿನದೋ ಎಂದು ತಿಳಿಯಲು ಸರಳ ವಿಧಾನವಿದೆ. ಮೇನ್ ಸ್ವಿಚ್ ತೆಗೆದು, ಮೋಟಾರಿಗೆ ಹೋಗುವ ಮೂರು ತಂತಿಗಳನ್ನೂ ಒಂದೊಂದು ಸ್ಥಾನ ಮುಂದಕ್ಕೆ ಸರಿಸಿ ಜೋಡಿಸಬೇಕು. ಮೂರನ್ನೂ ಒಟ್ಟಿಗೆ ಸರಿಸುವುದರಿಂದ ಮೋಟಾರು ತಿರುಗುವ ದಿಕ್ಕು ಬದಲಾಗುವುದಿಲ್ಲ. ಮತ್ತೆ ಅಳೆದಾಗ ಹೆಚ್ಚಿನ ಕರೆಂಟ್ ಮೊದಲಿನ ಲೈನಿನಲ್ಲಿಯೇ ಉಳಿದರೆ ದೋಷ ಸರಬರಾಜಿನದು. ಮೋಟಾರಿನ ಅದೇ ತಂತಿಯೊಂದಿಗೆ ಸ್ಥಾನ ಬದಲಾಯಿಸಿದರೆ ದೋಷ ಮೋಟಾರಿನದು ಅಥವಾ ಕೇಬಲ್ಲಿನದು. ಈ ಪರೀಕ್ಷೆಯನ್ನು ವೈರಿಂಗ್ ಬಲ್ಲವರಿಂದಲೇ ಮಾಡಿಸಿರಿ.

ಸ್ಟಾರ್ಟರ್ ಪೆಟ್ಟಿಗೆಗೆ ಕೈಹಾಕುವ ಮುನ್ನ ಮೇನ್ ಸ್ವಿಚ್ ಆರಿಸಿ, ಫ್ಯೂಸುಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಳ್ಳಬೇಕು. ವಿದ್ಯುತ್ ಬರುವ ವೇಳೆ ಖಚಿತವಿಲ್ಲದ ಕಡೆ, ಲೈನು ಹೋಗಿದೆ ಎಂದು ಹಾಗೆಯೇ ಕೆಲಸಕ್ಕಿಳಿದವರು ಲೈನು ಬಂದಾಗ ಪ್ರಾಣ ಕಳೆದುಕೊಳ್ಳುವ ಸಂಭವವಿದೆ. ಸಿಂಗಲ್ ಫೇಸ್ ಪಂಪಿನ ಕೆಪಾಸಿಟರಿನಲ್ಲಿ ಸ್ವಿಚ್ ಆರಿಸಿದ ಮೇಲೆಯೂ ವಿದ್ಯುತ್ ಉಳಿದಿರುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಲ್ಲಬಾರದು. ಕಂಬದ ಮೇಲಿನ ಮತ್ತು ಟ್ರಾನ್ಸ್‌ಫಾರ್ಮರಿನ ಯಾವ ಕೆಲಸವೂ ನಿಮ್ಮದಲ್ಲ, ಅದು ಲೈನ್‌ಮನ್‌ಗೆ ಸೇರಿದ್ದು.

ಇದೇ ಮೀಟರಿನಿಂದ ಟ್ರ್ಯಾಕ್ಟರಿನ ಬ್ಯಾಟರಿಯನ್ನೂ ನೋಡಬಹುದು. ರಾತ್ರಿಯಿಡೀ ನಿಂತ 12 ವೋಲ್ಟ್ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಅದು ಪೂರ್ಣ ಚಾರ್ಜ್ ಆಗಿದೆ. 12ರ ಹತ್ತಿರಕ್ಕೆ ಇಳಿದಿದ್ದರೆ ಖಾಲಿಯಾಗಿದೆ. ಎಂಜಿನ್ ಓಡುವಾಗ 14ರ ಆಸುಪಾಸು ಬಾರದಿದ್ದರೆ ಆಲ್ಟರ್ನೇಟರನ್ನು ಪರೀಕ್ಷಿಸಬೇಕು, ಹೊಸ ಬ್ಯಾಟರಿ ಕೊಂಡು ಪ್ರಯೋಜನವಿಲ್ಲ. ಬಿಚ್ಚುವಾಗ ಮೈನಸ್ ತಂತಿ ಮೊದಲು, ಜೋಡಿಸುವಾಗ ಅದೇ ಕೊನೆಗೆ.

ನೀರಿನ ಪೈಪುಗಳ ಕೆಲಸಕ್ಕೆ 14 ಮತ್ತು 18 ಅಂಗುಲದ ಎರಡು ಪೈಪ್ ರೆಂಚ್ ಬೇಕು. ಒಂದು ಹಿಡಿಯಲು, ಇನ್ನೊಂದು ತಿರುಗಿಸಲು. ಒಂದೇ ಇದ್ದರೆ ಬಿಚ್ಚಬೇಕಾದ ಕೂಡು ಬಿಟ್ಟು ಕೆಳಗಿನ ಕೂಡು ಬಿಚ್ಚಿಕೊಳ್ಳುತ್ತದೆ.

ಎತ್ತುವ ಸಾಧನ: ಇಲ್ಲಿ ಅಗ್ಗಕ್ಕೆ ಎಡೆಯಿಲ್ಲ

ನಲವತ್ತೈದು ಅಶ್ವಶಕ್ತಿಯ ಟ್ರ್ಯಾಕ್ಟರು ಸುಮಾರು ಎರಡು ಟನ್ ತೂಗುತ್ತದೆ. ಅದರ ಅಥವಾ ಟ್ರೇಲರಿನ ಕೆಳಗೆ ಮಲಗಿ ಕೆಲಸ ಮಾಡುವವರು ಜಾಕನ್ನೇ ನಂಬಿರುತ್ತಾರೆ, ಇಲ್ಲವೇ ಸೈಜುಗಲ್ಲುಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ. ಹೈಡ್ರಾಲಿಕ್ ಜಾಕಿನ ಒಳಗಿನ ವಾಷರ್ ಸೋರಿದರೆ ಯಾವ ಸೂಚನೆಯೂ ಇಲ್ಲದೆ ಭಾರ ಕೆಳಗಿಳಿಯುತ್ತದೆ. ಕಲ್ಲು ಮತ್ತು ಇಟ್ಟಿಗೆ ಅಂಚಿನಲ್ಲಿ ಭಾರ ಬಿದ್ದಾಗ ಥಟ್ಟನೆ ಸೀಳುತ್ತವೆ. ಜಾಕ್ ಇರುವುದು ಎತ್ತಲು ಮಾತ್ರ. ಎತ್ತಿದ ಭಾರವನ್ನು ಹೊತ್ತು ನಿಲ್ಲಲು ಕಬ್ಬಿಣದ ಆಕ್ಸಲ್ ಸ್ಟ್ಯಾಂಡ್ ಬೇಕು. ಐದು ಟನ್ನಿನ ಒಂದು ಜಾಕ್, ಮೂರು ಟನ್ನಿನ ಒಂದು ಜೊತೆ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಕೊಡುವ ನಾಲ್ಕು ಮರದ ಅಡೆಗಳು, ಮೆತ್ತನೆಯ ನೆಲದಲ್ಲಿ ಜಾಕ್ ಹೂತುಹೋಗದಂತೆ ಕೆಳಗಿಡಲು ಒಂದು ದಪ್ಪ ಹಲಗೆ ಇಷ್ಟನ್ನು ಕೊಳ್ಳಲು ಹಣವಿಲ್ಲವೆಂದಾದರೆ, ಟ್ರ್ಯಾಕ್ಟರಿನ ಕೆಳಗಿನ ಕೆಲಸವನ್ನು ಗ್ಯಾರೇಜಿಗೇ ಬಿಡುವುದು ಒಳಿತು. ಪಟ್ಟಿಯ ಉಳಿದ ಯಾವ ಸಾಮಾನಿನ ಬಗ್ಗೆಯೂ ನಾವು ಇಷ್ಟು ಕಟ್ಟುನಿಟ್ಟಾಗಿ ಹೇಳುವುದಿಲ್ಲ.

ರೋಟಾವೇಟರಿನ ಬ್ಲೇಡು ಬದಲಿಸುವಾಗಲೂ ಇದೇ ನಿಯಮ. ಲಿಫ್ಟ್ ಎತ್ತಿದ ಸ್ಥಿತಿಯಲ್ಲಿದೆ ಎಂದು ಕೆಳಗೆ ಕೈಹಾಕಬಾರದು. ಎಂಜಿನ್ ಆರಿಸಿ, ಕೀಲಿ ತೆಗೆದು, ರೋಟಾವೇಟರಿನ ಚೌಕಟ್ಟಿನ ಎರಡೂ ಬದಿಗೆ ಮರದ ದಿಮ್ಮಿ ಕೊಡಬೇಕು. ಎತ್ತಿದ ಟ್ರೇಲರಿನ ತೊಟ್ಟಿಗೂ ಹೀಗೆಯೇ ಊರೆ ಕೊಡಬೇಕು. ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಪಂಚೆಯ ತುದಿ, ಹೆಗಲ ಮೇಲಿನ ಟವೆಲ್, ಸೀರೆಯ ಸೆರಗು ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಒಂದು ಕ್ಷಣವೂ ದೊರೆಯುವುದಿಲ್ಲ. ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಮೊದಲ ದುರಸ್ತಿ ಅದೇ ಆಗಲಿ.

ಗ್ರೈಂಡರ್ ಮತ್ತು ವೆಲ್ಡಿಂಗ್

ನಾಲ್ಕು ಅಂಗುಲದ ಆ್ಯಂಗಲ್ ಗ್ರೈಂಡರ್ ಇಂದು ಅನೇಕ ಮನೆಗಳಲ್ಲಿದೆ. ಉಪಯುಕ್ತವಾದದ್ದು ಹೌದು, ಆದರೆ ಶೆಡ್ಡಿನಲ್ಲಿ ಹೆಚ್ಚು ಗಾಯ ಮಾಡುವ ಸಾಧನವೂ ಅದೇ. ಇದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಕವಚ ತೆಗೆದು ದೊಡ್ಡ ಚಕ್ರ ತೊಡಿಸುವುದು, ಕಬ್ಬಿಣ ಕೊಯ್ಯುವ ಯಂತ್ರಕ್ಕೆ ಮರ ಕೊಯ್ಯುವ ಹಲ್ಲಿನ ಚಕ್ರ ಹಾಕುವುದು ಎರಡೂ ಅತ್ಯಂತ ಅಪಾಯಕರ. ಏಳು ಅಂಗುಲದ ಚಕ್ರವನ್ನು ಸುಮಾರು 8,500 ಸುತ್ತಿಗೆ ತಯಾರಿಸಿರುತ್ತಾರೆ. ಅದಕ್ಕಿಂತ ವೇಗವಾಗಿ ತಿರುಗಿದರೆ ಅದು ಚೂರಾಗಿ ಸಿಡಿಯಬಹುದು. ಚಕ್ರದ ನಡುವಿನ ಲೋಹದ ಬಳೆಯ ಮೇಲೆ ಬಳಕೆಯ ಕೊನೆಯ ತಿಂಗಳು ಮತ್ತು ವರ್ಷವನ್ನು ಮುದ್ರಿಸಿರುತ್ತಾರೆ. ಅವಧಿ ಮೀರಿದ್ದನ್ನೂ ಮಳೆಗಾಲದಲ್ಲಿ ತೇವ ಹಿಡಿದದ್ದನ್ನೂ ಎಸೆಯಬೇಕು. ಕನ್ನಡಕವನ್ನು ಗ್ರೈಂಡರಿನ ವೈರಿಗೇ ಕಟ್ಟಿಡಿ, ಆಗ ಮರೆಯುವುದಿಲ್ಲ.

ವೆಲ್ಡಿಂಗ್ ಯಂತ್ರ ಎಲ್ಲರಿಗೂ ಬೇಕೆಂದಿಲ್ಲ. ವರ್ಷಕ್ಕೆ ನಾಲ್ಕು ಬಾರಿ ಗೇಟಿನ ತಿರುಗಣಿ ಬೆಸೆಯಲು ಅದನ್ನು ಕೊಳ್ಳುವುದಕ್ಕಿಂತ ಊರಿನ ವೆಲ್ಡರಿಗೆ ಕೊಡುವುದೇ ಲೇಸು. ಕೊಂಡಿರುವವರು 2.5 ಮಿ.ಮೀ. ರಾಡಿಗೆ 60ರಿಂದ 90 ಆಂಪಿಯರ್, 3.15 ಮಿ.ಮೀ. ರಾಡಿಗೆ 90ರಿಂದ 130 ಆಂಪಿಯರ್ ಇಟ್ಟುಕೊಂಡು ಆರಂಭಿಸಬಹುದು. ಟ್ರ್ಯಾಕ್ಟರಿನ ಮೇಲೆಯೇ ಬೆಸೆಯುವಾಗ ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು. ಡೀಸೆಲ್ ಟ್ಯಾಂಕು, ಎಣ್ಣೆಯ ಡ್ರಮ್ಮು, ಕೀಟನಾಶಕದ ಡಬ್ಬಿ ಇವುಗಳಿಗೆ ಎಷ್ಟೇ ತೊಳೆದಿದ್ದರೂ ಮನೆಯಲ್ಲಿ ಬೆಂಕಿ ತಾಗಿಸಬಾರದು. ಖಾಲಿ ಡಬ್ಬಿಯೊಳಗಿನ ಆವಿಯೇ ಸ್ಫೋಟಿಸುತ್ತದೆ. ಜಿಐ ಪೈಪು ಬೆಸೆಯುವಾಗ ಏಳುವ ಬಿಳಿಯ ಹೊಗೆ ಸತುವಿನದು, ಅದನ್ನು ಉಸಿರಾಡಿದರೆ ರಾತ್ರಿ ಚಳಿ ಜ್ವರ ಬರುತ್ತದೆ. ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ ಕೆಲಸ ಮಾಡಿರಿ.

ಸಿಂಪರಣಾ ಯಂತ್ರ ಮತ್ತು ಹನಿ ನೀರಾವರಿಯ ಡಬ್ಬಿ

ಇವೆರಡಕ್ಕೂ ಒಂದೊಂದು ಸಣ್ಣ ಡಬ್ಬಿ ಬೇರೆಯೇ ಇರಲಿ. ಸಿಂಪರಣಾ ಯಂತ್ರದ ಡಬ್ಬಿಯಲ್ಲಿ ವಾಷರುಗಳು, ಹೆಚ್ಚುವರಿ ನಾಜಲ್, ಜಾಲರಿ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಇರಬೇಕು. ಕಟ್ಟಿಕೊಂಡ ನಾಜಲನ್ನು ಬಾಯಿಯಿಂದ ಊದಬಾರದು. ಪಿನ್ನಿನಿಂದ ಚುಚ್ಚಿದರೆ ರಂಧ್ರ ಹಿಗ್ಗಿ, ಔಷಧ ಹೆಚ್ಚು ಸುರಿಯುತ್ತದೆ. ಈ ಡಬ್ಬಿಯ ಸಾಮಾನು ಬೇರೆ ಕೆಲಸಕ್ಕೆ, ವಿಶೇಷವಾಗಿ ಕುಡಿಯುವ ನೀರಿನ ನಲ್ಲಿಗೆ, ಹೋಗಕೂಡದು.

ಎರಡು ಸ್ಟ್ರೋಕಿನ ಕಳೆ ಯಂತ್ರವಿದ್ದರೆ ಪ್ಲಗ್ ಸ್ಪ್ಯಾನರ್ ಮತ್ತು ಅಳತೆಯ ಲೋಟ ಇರಲೇಬೇಕು. ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಪ್ರಮಾಣ ಕೈಪಿಡಿಯಲ್ಲಿ 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿ.ಲೀ., 50ಕ್ಕೆ 1 ಎಂದಿದ್ದರೆ 20 ಮಿ.ಲೀ. ಅಂದಾಜಿನಲ್ಲಿ ಸುರಿದು ಎಣ್ಣೆ ಕಡಿಮೆಯಾದರೆ ಪಿಸ್ಟನ್ ಜಾಮ್ ಆಗುತ್ತದೆ. ಹನಿ ನೀರಾವರಿಗೆ ಪಂಚ್, 16 ಮಿ.ಮೀ. ಜೋಡಣೆಗಳು, ಎಂಡ್ ಕ್ಯಾಪ್, ಗ್ರೊಮೆಟ್, ಟೆಫ್ಲಾನ್ ಟೇಪ್ ಸಾಕು.

ಶೆಡ್ಡಿನ ಜಾಗ ಮತ್ತು ಕೊಳ್ಳುವ ಕ್ರಮ

ಹತ್ತಕ್ಕೆ ಹನ್ನೆರಡು ಅಡಿಯ ಜಾಗ ಸಾಕಾಗುತ್ತದೆ. ನೆಲ ಸಿಮೆಂಟಿನದಾಗಿದ್ದರೆ ಕೆಳಗೆ ಬಿದ್ದ ನಟ್ ಸಿಗುತ್ತದೆ. ಹುಲ್ಲಿನ ಬಣವೆ, ಒಣ ತೆಂಗಿನ ಗರಿ, ಡೀಸೆಲ್ ಕ್ಯಾನು ಇರುವಲ್ಲಿ ಗ್ರೈಂಡರಿನ ಕಿಡಿ ಹಾರಬಾರದು. ಕಿಡಿ ಹಲವು ಅಡಿ ದೂರ ಹೋಗಿ ಬಿದ್ದು ಒಳಗೊಳಗೇ ಹೊಗೆಯಾಡಿ, ಎಲ್ಲರೂ ಊಟಕ್ಕೆ ಹೋದ ಮೇಲೆ ಹೊತ್ತಿಕೊಳ್ಳುತ್ತದೆ. ಒಂದು ಡ್ರಮ್ ಮರಳು, ಒಂದು ಬಕೆಟ್ ನೀರು ಬಾಗಿಲಲ್ಲಿಯೇ ಇರಲಿ. ಕೀಟನಾಶಕಗಳಿಗೆ ಬೇರೆ ಬೀಗದ ಪೆಟ್ಟಿಗೆ ಬೇಕು. ಪ್ಲಗ್ಗಿನ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿರಿ.

ಎಲ್ಲವನ್ನೂ ಒಂದೇ ಬಾರಿ ಕೊಳ್ಳಬೇಕಾಗಿಲ್ಲ. ಮೊದಲ ವರ್ಷ ಕ್ಯಾಲಿಪರ್, ಸ್ಪ್ಯಾನರ್, ಸುತ್ತಿಗೆ, ಪ್ಲೇಯರ್, ಹ್ಯಾಕ್ಸಾ, ಗ್ರೀಸ್ ಗನ್ ಮತ್ತು ಕನ್ನಡಕ. ಅಡಿಕೆ ಅಥವಾ ರಾಗಿಯ ಹಣ ಬಂದಾಗ ವೈಸ್ ಮತ್ತು ಕ್ಲಾಂಪ್ ಮೀಟರ್. ಅನಂತರ ಜಾಕ್ ಮತ್ತು ಸ್ಟ್ಯಾಂಡ್. ಗ್ರೈಂಡರ್ ಎಲ್ಲಕ್ಕಿಂತ ಕೊನೆಗೆ ಬಂದರೂ ನಡೆಯುತ್ತದೆ, ಆದರೆ ಅನೇಕರು ಅದನ್ನೇ ಮೊದಲು ಕೊಳ್ಳುತ್ತಾರೆ. ಟಾರ್ಕ್ ರೆಂಚ್, ಬೇರಿಂಗ್ ಪುಲ್ಲರ್, ಮೋಟಾರಿನ ನಿರೋಧಕತೆ ಅಳೆಯುವ ಮೆಗ್ಗರ್ ಇಂತಹವು ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಬೇಕಾಗುವುದರಿಂದ ರೈತ ಉತ್ಪಾದಕ ಸಂಸ್ಥೆ ಅಥವಾ ಸ್ವಸಹಾಯ ಗುಂಪಿನ ಹೆಸರಿನಲ್ಲಿ ಊರಿಗೊಂದು ಇದ್ದರೆ ಸಾಕು. ಇಂಜೆಕ್ಷನ್ ಪಂಪ್, ಹೈಡ್ರಾಲಿಕ್ ಲಿಫ್ಟಿನ ಒಳಭಾಗ, ಗೇರ್‌ಬಾಕ್ಸ್ ಇವುಗಳನ್ನು ಮನೆಯಲ್ಲಿ ಬಿಚ್ಚಬಾರದು.

ವಿಸ್ತರಣಾ ಕಾರ್ಯಕರ್ತರಿಗೆ

ರೈತ ಸಂಪರ್ಕ ಕೇಂದ್ರಗಳಲ್ಲಿ ಯಂತ್ರಗಳ ತರಬೇತಿ ಏರ್ಪಡಿಸುವಾಗ ಹೊಸ ಯಂತ್ರದ ಪ್ರಾತ್ಯಕ್ಷಿಕೆಯ ಜೊತೆಗೆ ಹಳೆಯ ಯಂತ್ರವೊಂದನ್ನು ಬಿಚ್ಚಿ ಜೋಡಿಸುವ ಒಂದು ಗಂಟೆಯನ್ನೂ ಸೇರಿಸಿಕೊಳ್ಳುವುದು ಉಚಿತ. ಬಂದವರು ತಮ್ಮ ಯಂತ್ರದ ಬೋಲ್ಟುಗಳ ಪಟ್ಟಿಯನ್ನು ಮೊದಲೇ ಬರೆದು ತರುವಂತೆ ತಿಳಿಸಿರಿ. ಮಹಿಳೆಯರನ್ನು ತಪ್ಪದೆ ಕರೆಯಿರಿ. ಅನೇಕ ಮನೆಗಳಲ್ಲಿ ಪಂಪ್ ಹಾಕುವವರು, ಸಿಂಪರಣಾ ಯಂತ್ರ ತೊಳೆಯುವವರು ಅವರೇ. ಆದರೆ ಮೀಟರ್ ಓದುವುದನ್ನು ಅವರಿಗೆ ಯಾರೂ ತೋರಿಸಿರುವುದಿಲ್ಲ. ಕೃಷಿ ಯಂತ್ರಧಾರೆ ಕೇಂದ್ರಗಳಿಂದ ಬಾಡಿಗೆಗೆ ಯಂತ್ರ ತರುವವರಿಗೆ, ಯಂತ್ರದೊಂದಿಗೆ ಶಿಯರ್ ಬೋಲ್ಟ್ ಮತ್ತು ಅದರ ಸ್ಪ್ಯಾನರನ್ನೂ ಕೇಳಿ ಪಡೆಯುವಂತೆ ಸಲಹೆ ನೀಡಬೇಕು.

ಉಪಕರಣಗಳ ನಿರ್ವಹಣೆ

ವರ್ಷಕ್ಕೊಮ್ಮೆ ಆಯುಧಪೂಜೆಯಲ್ಲಿ ಎಲ್ಲವನ್ನೂ ಹೊರಗೆ ತೆಗೆದು ತೊಳೆದು ಕುಂಕುಮ ಇಡುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಅಂದೇ ತುಕ್ಕು ಉಜ್ಜಿ, ಸಡಿಲವಾದ ಸುತ್ತಿಗೆಯ ಕಾವಿಗೆ ಬೆಣೆ ಹೊಡೆದು, ಬಾಯಿ ಅಗಲಿಸಿದ ಸ್ಪ್ಯಾನರುಗಳನ್ನು ಬೇರೆ ಮಾಡಿ, ತೆಳುವಾಗಿ ಎಣ್ಣೆ ಒರೆಸಿಟ್ಟರೆ ಆಯಿತು. ಭರಣಿ ಮಳೆಗೆ ಮೊದಲು ಇನ್ನೊಮ್ಮೆ ನೋಡಿದರೆ ಬಿತ್ತನೆಯ ಹೊತ್ತಿಗೆ ಕೊರತೆ ಕಾಣುವುದಿಲ್ಲ. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಎಣ್ಣೆಯ ಬಟ್ಟೆಯಿಂದ ಒರೆಸಬೇಕು.

ಗೋಡೆಗೆ ಒಂದು ಹಲಗೆ ಹೊಡೆದು, ಪ್ರತಿ ಉಪಕರಣವನ್ನೂ ಅದರ ಮೇಲಿಟ್ಟು ಸುತ್ತ ಬಣ್ಣದಿಂದ ಗೆರೆ ಎಳೆಯಿರಿ. ಯಾವುದು ಇಲ್ಲ ಎಂಬುದು ಸಂಜೆ ಬಾಗಿಲು ಹಾಕುವಾಗ ಒಂದೇ ನೋಟಕ್ಕೆ ತಿಳಿಯುತ್ತದೆ. ನೆರೆಯವರು ಕೈಬದಲು ಕೇಳಿದರೆ ಇಲ್ಲವೆನ್ನಲಾಗುವುದಿಲ್ಲ. ಆ ಗೆರೆಯೊಳಗೆ ಅವರ ಹೆಸರನ್ನು ಸೀಮೆಸುಣ್ಣದಿಂದ ಬರೆದಿಡಿ. ಕ್ಲಾಂಪ್ ಮೀಟರನ್ನು ಬಹುಕಾಲ ಬಳಸದಿದ್ದರೆ ಅದರ ಸೆಲ್ ತೆಗೆದಿಡಬೇಕು, ಇಲ್ಲವಾದರೆ ಸೋರಿ ಒಳಭಾಗ ಹಾಳಾಗುತ್ತದೆ.